ಸುಳಿವೇ ಸಾಕ್ಷ್ಯವಲ್ಲ

ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಸಿಮ್ ಕಾರ್ಡ್. 2006ರಲ್ಲಿ ಇಂಗ್ಲೆಂಡನ್ನು ಬಿಟ್ಟು ಹೊರಟ ಕನ್ನಡನಾಡಿನ ಯುವವೈದ್ಯರೊಬ್ಬರು, ಅದರಲ್ಲಿ ಉಳಿದಿದ್ದ ಮಾತಿನ ನಿಮಿಷಗಳು ದಂಡವಾಗಬಾರದೆಂದು ಅದನ್ನು ಅಲ್ಲಿದ್ದ ತಮ್ಮ ಸಂಬಂಧಿಕನಿಗೆ ಕೊಟ್ಟರು. ನಮ್ಮ ಮನೆಗಳಲ್ಲಿ ಹಳೆಯ ಪಠ್ಯಪುಸ್ತಕವನ್ನೋ ಬಸ್ ಪಾಸನ್ನೋ ಕೊಟ್ಟಷ್ಟೇ ಸಹಜವಾದ ಕೆಲಸ. ಒಂದು ವರ್ಷ ಕಳೆಯುವುದರೊಳಗೆ ಅದೇ ಸಿಮ್ ಕಾರ್ಡ್ ಅವರನ್ನು ಭೂಮಂಡಲದ ಇನ್ನೊಂದು ತುದಿಯಲ್ಲಿ ಸೆರೆಮನೆಗೆ ನೂಕಿತು. ಜಗತ್ತಿನ ಪತ್ರಿಕೆಗಳ ಮುಖಪುಟದಲ್ಲಿ ಅವರ ಭಾವಚಿತ್ರ ಅಚ್ಚಾಯಿತು.

ಉಗ್ರವಾದದ ಸುದ್ದಿ ಬಂದಾಗಲೆಲ್ಲ ತಂದೆ ತಾಯಿಗಳ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಎರಡು. ನಮ್ಮ ಮಗು ಇಂಥ ಜಾಲಕ್ಕೆ ಬಿದ್ದೀತೇ ಎಂಬುದು ಮೊದಲನೆಯದು. ಏನೂ ಮಾಡದ ನಮ್ಮ ಮಗುವಿನ ಮೇಲೆ ಇಂಥ ಆಪಾದನೆ ಬಂದೀತೇ ಎಂಬುದು ಎರಡನೆಯದು. ಸಾಮಾನ್ಯವಾಗಿ ಒಂದು ಪ್ರಶ್ನೆಯನ್ನು ಒಬ್ಬರು, ಇನ್ನೊಂದನ್ನು ಮತ್ತೊಬ್ಬರು ಕೇಳುತ್ತಾರೆ. ನಂತರ ಇಬ್ಬರೂ ದೂರದರ್ಶನದ ಚರ್ಚೆಯಲ್ಲಿ ಎದುರು ಬದುರು ಕುಳಿತು ಕೂಗಾಡುತ್ತಾರೆ. ಆದರೆ 2007ರಲ್ಲಿ ಎರಡೂ ಪ್ರಶ್ನೆಗಳು ಒಂದೇ ಬಂಧುಬಳಗದೊಳಗೆ ಎದ್ದು ನಿಂತವು. ವಿದ್ಯಾರ್ಥಿಗಳೂ ಪಾಲಕರೂ ಒಟ್ಟಿಗೆ ಕುಳಿತು ಓದಬೇಕಾದ ಪ್ರಸಂಗ ಅದು.

ಗ್ಲಾಸ್ಗೋದಲ್ಲಿ ನಡೆದದ್ದು

2007ರ ಜೂನ್ 29ರಂದು ನಸುಕಿನಲ್ಲಿ ಲಂಡನ್ನಿನ ಮಧ್ಯಭಾಗದಲ್ಲಿ ನಿಲ್ಲಿಸಿದ್ದ ಎರಡು ಕಾರುಗಳಲ್ಲಿ ಪೆಟ್ರೋಲ್ ಮತ್ತು ಅನಿಲದ ಸಿಲಿಂಡರ್‌ಗಳಿದ್ದವು. ಅದೃಷ್ಟವಶಾತ್ ಅವು ಸ್ಫೋಟಿಸಲಿಲ್ಲ. ಮರುದಿನ, ಜೂನ್ 30ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣದ ಬಾಗಿಲಿಗೆ ಉರಿಯುವ ಜೀಪೊಂದು ನುಗ್ಗಿತು. ಅದರಲ್ಲಿ ಇಬ್ಬರಿದ್ದರು. ಸಾರ್ವಜನಿಕರಲ್ಲಿ ಕೆಲವರು ಗಾಯಗೊಂಡರು, ಆದರೆ ಯಾರೂ ಸಾಯಲಿಲ್ಲ. ಜೀಪಿನಲ್ಲಿದ್ದ ಒಬ್ಬ ವೈದ್ಯ. ಅವನಿಗೆ 2008ರಲ್ಲಿ ಕನಿಷ್ಠ 32 ವರ್ಷಗಳ ಸೆರೆವಾಸ ವಿಧಿಸಲಾಯಿತು. ಮೈಯೆಲ್ಲ ಸುಟ್ಟುಕೊಂಡ ಇನ್ನೊಬ್ಬ ಆಗಸ್ಟ್ 2ರಂದು ಆಸ್ಪತ್ರೆಯಲ್ಲಿ ಸತ್ತ.

ಸತ್ತವನು ಬೆಂಗಳೂರಿನ ಹುಡುಗ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ, ಬೆಲ್‌ಫಾಸ್ಟ್‌ನಲ್ಲಿ ಹೆಚ್ಚಿನ ವ್ಯಾಸಂಗ ಮಾಡಿ, ಕೇಂಬ್ರಿಜ್‌ನಲ್ಲಿ ಸಂಶೋಧನೆಗೆ ಸೇರಿದವನು. ಓದಿದ ಕುಟುಂಬ. ತಾನು ಜಾಗತಿಕ ತಾಪಮಾನಕ್ಕೆ ಸಂಬಂಧಿಸಿದ ಯೋಜನೆಯೊಂದರಲ್ಲಿ ತೊಡಗಿದ್ದೇನೆಂದು ಅವನು ಮನೆಯವರಿಗೆ ಹೇಳಿದ್ದ. ವಿಜ್ಞಾನದ ಹೆಸರನ್ನೇ ಪರದೆಯನ್ನಾಗಿ ಇಳಿಬಿಟ್ಟಿದ್ದ. ಅವನ ಹೆಸರು ಬೇಕಾದವರಿಗೆ ಎಲ್ಲೆಡೆ ಸಿಗುತ್ತದೆ. ಇಲ್ಲಿ ಅದರ ಅಗತ್ಯವಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಅವನ ತಮ್ಮ ಲಿವರ್‌ಪೂಲ್ ಸಮೀಪ ವೈದ್ಯನಾಗಿದ್ದ. ಅಣ್ಣ ಕಳುಹಿಸಿದ್ದ ಇ-ಮೇಲನ್ನು ಅವನು ತೆರೆದು ನೋಡಿದ್ದು ಕೃತ್ಯ ನಡೆದ ಮೇಲೆ. ಆದರೂ ಅದನ್ನು ಪೊಲೀಸರಿಗೆ ತಿಳಿಸಲಿಲ್ಲ ಎಂಬ ತಪ್ಪಿಗೆ 18 ತಿಂಗಳ ಶಿಕ್ಷೆಯಾಯಿತು.

ಬ್ರಿಸ್ಬೇನ್‌ನಲ್ಲಿ ಬಂಧನ

ಈ ಸೋದರರ ದೂರದ ಸಂಬಂಧಿ ಡಾ. ಮೊಹಮ್ಮದ್ ಹನೀಫ್. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಆಗ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. ವಯಸ್ಸು 27. ಬೆಂಗಳೂರಿನಲ್ಲಿ ಅವರ ಪತ್ನಿಗೆ ಕೆಲವೇ ದಿನಗಳ ಹಿಂದೆ ಹೆಣ್ಣುಮಗು ಹುಟ್ಟಿತ್ತು. ಮಗುವನ್ನು ನೋಡಲು ಹೊರಟ ಅವರನ್ನು 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಆರೋಪಪಟ್ಟಿಯೇ ಇಲ್ಲದೆ 12 ದಿನ ಇರಿಸಿಕೊಂಡ ಬಳಿಕ, ಭಯೋತ್ಪಾದಕ ಸಂಘಟನೆಗೆ ನೆರವು ನೀಡಿದ ಆಪಾದನೆ ಹೊರಿಸಲಾಯಿತು. ಆ ನೆರವು ಯಾವುದು? ನಾವು ಆರಂಭದಲ್ಲಿ ಕಂಡ ಆ ಸಿಮ್ ಕಾರ್ಡ್.

ಸುಳಿವುಗಳನ್ನು ಒಂದೊಂದಾಗಿ ನೋಡಿ. ಕೃತ್ಯವೆಸಗಿದವನು ಸಂಬಂಧಿ. ಕೈಯಲ್ಲಿದ್ದದ್ದು ಒಂದೇ ದಿಕ್ಕಿನ ಟಿಕೆಟ್, ಹಿಂದಿರುಗುವ ಟಿಕೆಟ್ ಇಲ್ಲ. ಹೊರಟದ್ದು ಘಟನೆ ನಡೆದ ಎರಡೇ ದಿನಕ್ಕೆ. ಎಲ್ಲಕ್ಕಿಂತ ಮಿಗಿಲಾಗಿ, ಅವರ ಸಿಮ್ ಕಾರ್ಡ್ ಗ್ಲಾಸ್ಗೋದಲ್ಲಿ ಉರಿದ ಜೀಪಿನೊಳಗೆ ಸಿಕ್ಕಿತೆಂದು ಸರ್ಕಾರದ ವಕೀಲರು ನ್ಯಾಯಾಲಯದಲ್ಲೇ ಹೇಳಿದರು. ಬೆಂಕಿಯಿಲ್ಲದೆ ಹೊಗೆಯಾಡೀತೇ ಎಂದು ಯಾರಿಗಾದರೂ ಅನ್ನಿಸಬಹುದಾದ ಚಿತ್ರ!

ಆದರೂ ಜುಲೈ 16ರಂದು ಮ್ಯಾಜಿಸ್ಟ್ರೇಟರು ಜಾಮೀನು ನೀಡಿದರು. ಅದೇ ದಿನ ಅಲ್ಲಿನ ವಲಸೆ ಖಾತೆ ಸಚಿವರು ಹನೀಫರ ವೀಸಾವನ್ನು ರದ್ದುಗೊಳಿಸಿದರು. ಜಾಮೀನು ಸಿಕ್ಕರೂ ಬಿಡುಗಡೆಯಿಲ್ಲ! ಗೋಲ್ಡ್ ಕೋಸ್ಟ್‌ನ ಎತ್ತರದ ಕಟ್ಟಡವೊಂದರ ಮೇಲೆ ದಾಳಿಯ ಸಂಚಿತ್ತೆಂಬ ವರದಿಯೂ ಪತ್ರಿಕೆಯಲ್ಲಿ ಬಂತು. ಅದು ನಿಜವಲ್ಲವೆಂದು ಕೊನೆಗೆ ಪೊಲೀಸ್ ಮುಖ್ಯಸ್ಥರೇ ಹೇಳಬೇಕಾಯಿತು.

ಕೆಡಿಸಿದ್ದೂ ಸುದ್ದಿ, ಸರಿಪಡಿಸಿದ್ದೂ ಸುದ್ದಿ

ಹಾಗಾದರೆ ಮಾಧ್ಯಮಗಳೆಲ್ಲ ಕೆಟ್ಟವು ಎನ್ನೋಣವೇ? ಅವಸರ ಬೇಡ. ಹನೀಫರನ್ನು ಉಳಿಸಿದ್ದೂ ಪತ್ರಕರ್ತರೇ.

ಹನೀಫರ ಪರ ವಕೀಲರು ಪೊಲೀಸ್ ವಿಚಾರಣೆಯ ಪೂರ್ಣ ದಾಖಲೆಯನ್ನು ಪತ್ರಿಕೆಯೊಂದಕ್ಕೆ ಒಪ್ಪಿಸಿದರು. ಹೆಡ್ಲಿ ಥಾಮಸ್ ಎಂಬ ವರದಿಗಾರ ಜುಲೈ 18ರಂದು ‘ದಿ ಆಸ್ಟ್ರೇಲಿಯನ್’ ಪತ್ರಿಕೆಯಲ್ಲಿ ಅದನ್ನು ಬಯಲಿಗಿಟ್ಟರು. ಆಗ ಜನರಿಗೆ ತಿಳಿಯಿತು: ಮಗುವನ್ನು ನೋಡಲು ಹೊರಟಿದ್ದರು, ಟಿಕೆಟ್ ಕೊಡಿಸಿದ್ದು ಮಾವ, ಬ್ರಿಟನ್ನಿನ ಪೊಲೀಸ್ ಅಧಿಕಾರಿಯೊಬ್ಬರಿಗೆ ಸಿಮ್ ಕಾರ್ಡಿನ ವಿಷಯ ವಿವರಿಸಲು ಹನೀಫರೇ ಹಲವು ಬಾರಿ ಫೋನ್ ಮಾಡಲು ಯತ್ನಿಸಿದ್ದರು. ಎರಡು ದಿನಗಳ ನಂತರ ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎಬಿಸಿಯ ವರದಿಗಾರರು ಮೂಲಕ್ಕೇ ಕೈಹಾಕಿದರು. ಆ ಸಿಮ್ ಕಾರ್ಡ್ ಜೀಪಿನಲ್ಲಿ ಇರಲೇ ಇಲ್ಲ! ಅದು ಸಿಕ್ಕಿದ್ದು ಗ್ಲಾಸ್ಗೋದಿಂದ 300 ಕಿಲೋಮೀಟರಿಗೂ ದೂರದ ಲಿವರ್‌ಪೂಲ್‌ನಲ್ಲಿ, ಯಾರಿಗೆ ಕೊಟ್ಟಿದ್ದರೋ ಅವನ ಬಳಿಯಲ್ಲೇ.

ಜುಲೈ 27ರಂದು ಆರೋಪವನ್ನು ಕೈಬಿಡಲಾಯಿತು. ಹನೀಫ್ ಬೆಂಗಳೂರಿಗೆ ಬಂದು ಮಗುವಿನ ಮುಖ ನೋಡಿದರು. ಅಲ್ಲಿನ ಫೆಡರಲ್ ನ್ಯಾಯಾಲಯ ವೀಸಾ ರದ್ದತಿಯನ್ನು ಅನೂರ್ಜಿತಗೊಳಿಸಿತು. ನಿವೃತ್ತ ನ್ಯಾಯಮೂರ್ತಿ ಜಾನ್ ಕ್ಲಾರ್ಕ್ ನಡೆಸಿದ ತನಿಖೆಯ ವರದಿ 2008ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಆರೋಪ ಹೊರಿಸಲು ತಕ್ಕ ಸಾಕ್ಷ್ಯವೇ ಇರಲಿಲ್ಲವೆಂದು ಅದು ಹೇಳಿತು. 2010ರಲ್ಲಿ ಸರ್ಕಾರ ಪರಿಹಾರ ನೀಡಿತು. ಥಾಮಸ್ ಅವರಿಗೆ ಆ ದೇಶದ ಪತ್ರಿಕೋದ್ಯಮದ ಅತ್ಯುನ್ನತ ಗೌರವವಾದ ಗೋಲ್ಡ್ ವಾಕ್ಲಿ ಪ್ರಶಸ್ತಿ ಬಂತು.

ಇಷ್ಟು ಸುಖಾಂತ್ಯ ಎಲ್ಲರ ಪಾಲಿಗೂ ಇರುವುದಿಲ್ಲ. 2012ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲೇ ಇಂಗ್ಲಿಷ್ ದಿನಪತ್ರಿಕೆಯೊಂದರ ಯುವ ವರದಿಗಾರನನ್ನು ಉಗ್ರರ ಸಂಚಿನ ಆಪಾದನೆಯ ಮೇಲೆ ಬಂಧಿಸಲಾಯಿತು. ಸಂಚಿನ ಸೂತ್ರಧಾರನೇ ಅವನೆಂಬಂತೆ ವರದಿಗಳು ಬಂದವು. ಸಾಕ್ಷ್ಯವಿಲ್ಲವೆಂದು ರಾಷ್ಟ್ರೀಯ ತನಿಖಾ ಸಂಸ್ಥೆ ಹೇಳಿ, ಅವನು ಹೊರಬಂದದ್ದು 2013ರ ಫೆಬ್ರುವರಿಯಲ್ಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಪ್ರಯೋಗಶಾಲೆಯ ಒಂದು ಪಾಠ

ರಸಾಯನಶಾಸ್ತ್ರದ ಪ್ರಯೋಗದಲ್ಲಿ ಲವಣವನ್ನು ಗುರುತಿಸುವ ವಿದ್ಯಾರ್ಥಿಗಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ಹಾಕಿದಾಗ ಬಿಳಿಯ ಒತ್ತರ ಬಂದೊಡನೆ ‘ಸಲ್ಫೇಟ್’ ಎಂದು ಬರೆದುಬಿಡುವಂತಿಲ್ಲ. ಕಾರ್ಬೋನೇಟ್ ಇದ್ದರೂ ಬಿಳಿಯ ಒತ್ತರವೇ ಬರುತ್ತದೆ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಸೇರಿಸಿ ನೋಡಬೇಕು. ಕರಗಿದರೆ ಅದು ಸಲ್ಫೇಟ್ ಅಲ್ಲ. ಮೊದಲನೆಯದು ಪ್ರಾಥಮಿಕ ಪರೀಕ್ಷೆ, ಎರಡನೆಯದು ದೃಢೀಕರಣ ಪರೀಕ್ಷೆ. ಪ್ರಾಥಮಿಕ ಪರೀಕ್ಷೆಗೇ ನಿಲ್ಲಿಸಿದವನಿಗೆ ಅಂಕ ಸಿಗುವುದಿಲ್ಲ.

ಹನೀಫರ ಪ್ರಕರಣದಲ್ಲಿ ಬಿಳಿಯ ಒತ್ತರ ಬಂದದ್ದು ನಿಜ. ಸಂಬಂಧ, ಟಿಕೆಟ್, ಸಿಮ್ ಕಾರ್ಡ್ ಮೂರೂ ವಿಚಾರಿಸಿ ನೋಡಬೇಕಾದ ಸುಳಿವುಗಳೇ. ಪೊಲೀಸರು ವಿಚಾರಿಸಿದ್ದು ತಪ್ಪಲ್ಲ. ಆಮ್ಲ ಹಾಕಿ ನೋಡುವ ಮೊದಲೇ ಫಲಿತಾಂಶವನ್ನು ಸಾರಿದ್ದು ತಪ್ಪು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಇಲ್ಲಿ ಕಣ್ಣಾರೆ ಕಂಡದ್ದೂ ಅಲ್ಲ, ಯಾರೋ ಹೇಳಿದ್ದು.

ಜಪಾನಿನಲ್ಲಿ ಇದೇ ರಸಾಯನಶಾಸ್ತ್ರ ಅಕ್ಷರಶಃ ನಡೆಯಿತು. 1994ರ ಜೂನ್ 27ರ ರಾತ್ರಿ ಮತ್ಸುಮೋಟೋ ಎಂಬ ಊರಿನಲ್ಲಿ ವಿಷಾನಿಲ ಹರಡಿ ಏಳು ಮಂದಿ ಸತ್ತರು. ಘಟನೆಯನ್ನು ಮೊದಲು ತಿಳಿಸಿದ ಗೃಹಸ್ಥನ ಮೇಲೆಯೇ ಸಂಶಯ ತಿರುಗಿತು. ಅವರ ಮನೆಯಲ್ಲಿ ಕೀಟನಾಶಕವೂ ಕೆಲವು ರಾಸಾಯನಿಕಗಳೂ ಇದ್ದವು. ಅವನ್ನು ಬೆರೆಸಿ ವಿಷ ತಯಾರಿಸಿದರೆಂದು ಪತ್ರಿಕೆಗಳೂ ಟಿ.ವಿ.ಯೂ ಬರೆದವು, ಹೇಳಿದವು. ಆ ವಿಷ ಸರಿನ್. ಮನೆಯ ಕಪಾಟಿನ ಕೀಟನಾಶಕದಿಂದ ಅದನ್ನು ತಯಾರಿಸಲಾಗದು. ಆ ವೇಳೆಗೆ ಅವರ ಸ್ವಂತ ಹೆಂಡತಿ ಅದೇ ಅನಿಲದಿಂದ ಪ್ರಜ್ಞೆ ತಪ್ಪಿ ಮಲಗಿದ್ದರು. ಆಕೆ ಚೇತರಿಸಿಕೊಳ್ಳದೆ 2008ರಲ್ಲಿ ತೀರಿಕೊಂಡರು. ಮುಂದಿನ ವರ್ಷ, 1995ರ ಮಾರ್ಚ್ 20ರಂದು, ನಿಜವಾದ ಅಪರಾಧಿಗಳಾದ ಓಂ ಶಿನ್‌ರಿಕ್ಯೋ ಪಂಥದವರು ಟೋಕಿಯೋದ ಸುರಂಗ ರೈಲುಗಳಲ್ಲಿ ಅದೇ ವಿಷವನ್ನು ಬಿಟ್ಟರು. ಹದಿಮೂರು ಮಂದಿ ಸತ್ತರು, ಸಾವಿರಾರು ಮಂದಿ ನರಳಿದರು. ಆಮೇಲೆ ಪತ್ರಿಕೆಗಳು ಆ ಗೃಹಸ್ಥನ ಕ್ಷಮೆ ಕೇಳಿದವು. ನಿರಪರಾಧಿಯ ಬೆನ್ನು ಹತ್ತಿದಾಗ ಆಗುವ ನಷ್ಟ ಅವನೊಬ್ಬನದಲ್ಲ. ಅಷ್ಟು ಹೊತ್ತು ಅಪರಾಧಿ ನಿಶ್ಚಿಂತನಾಗಿರುತ್ತಾನೆ.

ಓದಿದವರೇ ಏಕೆ?

ಇನ್ನು ಮೊದಲ ಪ್ರಶ್ನೆ. ಬಡತನ, ಅನಕ್ಷರತೆಯಿಂದ ಉಗ್ರವಾದ ಹುಟ್ಟುತ್ತದೆಂದು ಭಾಷಣಗಳಲ್ಲಿ ಕೇಳುತ್ತೇವೆ. ಅದು ಪೂರ್ಣ ಸತ್ಯವಲ್ಲ. ಟೋಕಿಯೋ ರೈಲುಗಳಲ್ಲಿ ವಿಷದ ಪೊಟ್ಟಣಗಳನ್ನು ಚುಚ್ಚಿದ ಐವರೂ ವಿಜ್ಞಾನ, ತಂತ್ರಜ್ಞಾನ ಅಥವಾ ವೈದ್ಯಕೀಯ ಓದಿದವರು. ಒಬ್ಬ ಹೃದಯತಜ್ಞ. ಒಬ್ಬ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನ ಕಲಿತವನು. ಇದು ಒಂದು ಧರ್ಮದ, ಒಂದು ದೇಶದ ರೋಗವಲ್ಲ ಎಂಬುದಕ್ಕೂ ಇದೇ ನಿದರ್ಶನ. ಡಿಯೇಗೋ ಗ್ಯಾಂಬೆಟ್ಟಾ ಮತ್ತು ಸ್ಟೆಫೆನ್ ಹೆರ್ಟೋಗ್ ಎಂಬ ಸಮಾಜವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಸ್ಲಾಮೀ ಉಗ್ರಗಾಮಿಗಳ ನಡುವೆ ಎಂಜಿನಿಯರಿಂಗ್ ಓದಿದವರ ಪ್ರಮಾಣ ನಿರೀಕ್ಷೆಗಿಂತ ಬಹಳ ಹೆಚ್ಚು ಎಂದು ತೋರಿಸಿದರು. ಓದಿಗೆ ತಕ್ಕ ಕೆಲಸ, ಮಾನ ಸಿಗದ ಹತಾಶೆ ಒಂದು ಕಾರಣ. ಎಲ್ಲವೂ ಖಚಿತವಾಗಿರಬೇಕು, ಸಂದಿಗ್ಧಕ್ಕೆ ಜಾಗವಿರಬಾರದು ಎಂಬ ಮನೋಧರ್ಮ ಮತ್ತೊಂದು ಎಂಬುದು ಅವರ ವಾದ.

ಎಂಜಿನಿಯರ್ ಆಗಲು ಹೊರಟ ಮಕ್ಕಳು ಹೆದರಬೇಕಿಲ್ಲ. ಕೋಟ್ಯಂತರ ಎಂಜಿನಿಯರುಗಳಲ್ಲಿ ಇಂಥವರು ಬೆರಳೆಣಿಕೆಯಷ್ಟು. ಆದರೆ ಶಿಕ್ಷಕನಾಗಿ ನನ್ನನ್ನು ಕಾಡುವುದು ಆ ಎರಡನೆಯ ಕಾರಣ. ನಮ್ಮ ಪರೀಕ್ಷಾ ಪದ್ಧತಿಯಲ್ಲಿ ಪ್ರತಿ ಪ್ರಶ್ನೆಗೂ ಒಂದೇ ಸರಿಯುತ್ತರ. ಅದು ಮಾದರಿ ಉತ್ತರಪತ್ರಿಕೆಯಲ್ಲಿ ಮೊದಲೇ ಅಚ್ಚಾಗಿರುತ್ತದೆ. ಹನ್ನೆರಡು ವರ್ಷ ಹೀಗೆ ಕಲಿತ ಬುದ್ಧಿವಂತ ಹುಡುಗನಿಗೆ ಮನುಷ್ಯರ ಬದುಕೂ ಹಾಗೆಯೇ ಎಂದು ತೋರಿದರೆ ಆಶ್ಚರ್ಯವೇನು? ಅನ್ಯಾಯಗಳಿಗೆಲ್ಲ ಕಾರಣ ಇವರೇ, ಪರಿಹಾರ ಇದೊಂದೇ ಎಂದು ಯಾರೋ ಉತ್ತರಪತ್ರಿಕೆಯನ್ನು ಕೈಗಿತ್ತಾಗ ಅವನಿಗೆ ಹಾಯೆನಿಸುತ್ತದೆ. ವಿಜ್ಞಾನದ ವಿಷಯಗಳನ್ನು ಕಲಿತಿದ್ದಾನೆ, ವಿಜ್ಞಾನದ ವಿಧಾನವನ್ನು ಕಲಿತಿಲ್ಲ. ವಿಧಾನವೆಂದರೆ ಸಂಶಯ. ತನ್ನ ಉತ್ತರದ ಮೇಲೂ ಸಂಶಯ.

ಜಾಲದವರು ಮೊದಲು ಮುರಿಯುವುದು ಇದನ್ನೇ. ಓಂ ಪಂಥ ಸೇರಿ ಸಂನ್ಯಾಸ ಪಡೆದವರು ಆಸ್ತಿಯನ್ನು ಪಂಥಕ್ಕೆ ಒಪ್ಪಿಸಿ ಮನೆಮಂದಿಯ ಸಂಪರ್ಕವನ್ನು ಕಡಿದುಕೊಳ್ಳಬೇಕಿತ್ತು. ಇನ್ನೊಂದು ದನಿ ಕಿವಿಗೆ ಬೀಳದಂತೆ ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಇಂದು ಅದಕ್ಕೆ ಆಶ್ರಮವೂ ಬೇಡ, ಕೈಯಲ್ಲಿರುವ ಮೊಬೈಲೇ ಸಾಕು.

ಗುರುತುಪಟ್ಟಿಯ ಗಣಿತ

ಇಂಥ ಘಟನೆ ನಡೆದಾಗಲೆಲ್ಲ ‘ನಿಮ್ಮ ಮಗ ಉಗ್ರನಾಗುತ್ತಿದ್ದಾನೆಯೇ? ಹೀಗೆ ಗುರುತಿಸಿ’ ಎಂಬ ಪಟ್ಟಿಗಳು ಬರುತ್ತವೆ. ಒಂಟಿಯಾಗಿರುವುದು, ಉಡುಪು ಬದಲಾಗುವುದು, ದೈವಭಕ್ತಿ ಹೆಚ್ಚುವುದು, ಸಿಟ್ಟು. ಹದಿಹರೆಯದವರಿರುವ ಯಾವ ಮನೆಯಲ್ಲಿ ಇವಿಲ್ಲ, ಹೇಳಿ?

ಒಂದು ಲೆಕ್ಕ ಮಾಡೋಣ. ಇದು ಬರಿಯ ಊಹೆಯ ಲೆಕ್ಕ. ಒಂದು ಲಕ್ಷ ವಿದ್ಯಾರ್ಥಿಗಳಲ್ಲಿ ಹತ್ತು ಮಂದಿ ನಿಜಕ್ಕೂ ಅಪಾಯದ ಹಾದಿಯಲ್ಲಿದ್ದಾರೆ ಎನ್ನಿ. ಅವರನ್ನು ಪತ್ತೆ ಹಚ್ಚಲು ಶೇಕಡಾ 99ರಷ್ಟು ಸರಿಯಾದ ಪರೀಕ್ಷೆಯಿದೆ ಎನ್ನಿ. ಅಂಥ ಪರೀಕ್ಷೆ ಎಲ್ಲೂ ಇಲ್ಲ, ಇರಲಿ. ಅದು ಹತ್ತು ಮಂದಿಯನ್ನೂ ಹಿಡಿದೀತು. ಆದರೆ ಉಳಿದ 99,990 ಮಂದಿಯಲ್ಲಿ ಶೇಕಡಾ ಒಂದರಷ್ಟು, ಅಂದರೆ ಸುಮಾರು ಸಾವಿರ ನಿರಪರಾಧಿಗಳನ್ನೂ ಹಿಡಿಯುತ್ತದೆ. ಒಬ್ಬ ತಪ್ಪಿತಸ್ಥನಿಗೆ ನೂರು ನಿರ್ದೋಷಿಗಳು! ಶೇಕಡಾ 99 ಸರಿಯಾದ ಪರೀಕ್ಷೆಯ ಪಾಡೇ ಹೀಗಾದರೆ, ಪತ್ರಿಕೆಯ ಗುರುತುಪಟ್ಟಿಯ ಪಾಡೇನು?

ಬ್ರಿಟನ್ನಿನಲ್ಲಿ 2015ರ ಕಾನೂನು ಇಂಥ ಮಕ್ಕಳ ಮೇಲೆ ಕಣ್ಣಿಡುವ ಹೊಣೆಯನ್ನು ಶಾಲೆಗಳಿಗೆ ವಹಿಸಿತು. ಮಕ್ಕಳನ್ನು ಕಾಪಾಡುವುದು ಅದರ ಉದ್ದೇಶವೆಂದು ಕೆಲವರು ಸಮರ್ಥಿಸಿದರು, ಶಿಕ್ಷಕರನ್ನು ಗೂಢಚಾರರನ್ನಾಗಿಸುತ್ತದೆಂದು ಕೆಲವರು ಟೀಕಿಸಿದರು. 2016ರಲ್ಲಿ ಲೂಟನ್ ಊರಿನ ಶಿಶುವಿಹಾರದ ಸುದ್ದಿಯೊಂದು ಹೊರಬಂತು. ನಾಲ್ಕು ವರ್ಷದ ಮಗು, ತಂದೆ ತರಕಾರಿ ಹೆಚ್ಚುವ ಚಿತ್ರ ಬರೆದು ‘ಕುಕುಂಬರ್’ ಎಂದು ತೊದಲಿತು. ಸೌತೆಕಾಯಿ ಶಿಕ್ಷಕಿಯರ ಕಿವಿಗೆ ‘ಕುಕ್ಕರ್ ಬಾಂಬ್’ ಎಂದು ಕೇಳಿಸಿತು! ಮಗುವನ್ನು ಉಗ್ರವಾದ ತಡೆಯುವ ಕಾರ್ಯಕ್ರಮಕ್ಕೆ ಒಪ್ಪಿಸುವ ಮಾತು ಬಂದು ತಾಯಿ ಕಂಗಾಲಾದಳು. ನಗು ಬರುತ್ತದೆ. ಆ ತಾಯಿಯ ಸ್ಥಾನದಲ್ಲಿ ನಿಂತರೆ ನಗು ಬರುವುದಿಲ್ಲ.

ಸುದ್ದಿಯೇ ಗೊಬ್ಬರವಾದಾಗ

ಹಾಗೆಂದು ಸುದ್ದಿಯನ್ನೇ ಮುಚ್ಚಿಡಬೇಕೆಂದಲ್ಲ. ಮುಚ್ಚಿಟ್ಟರೆ ಗಾಳಿಸುದ್ದಿ ಆಳುತ್ತದೆ. 2012ರ ಆಗಸ್ಟಿನಲ್ಲಿ ಬರಿಯ ವದಂತಿ ಮತ್ತು ಮೊಬೈಲ್ ಸಂದೇಶಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರು ಬಿಟ್ಟು ವಿಶೇಷ ರೈಲುಗಳಲ್ಲಿ ಹೊರಟದ್ದನ್ನು ನಾವು ನೋಡಿದ್ದೇವೆ. ಪ್ರಶ್ನೆ ಇರುವುದು ಹೇಗೆ ತಿಳಿಸಬೇಕು ಎಂಬುದರಲ್ಲಿ. 2008ರ ಮುಂಬೈ ದಾಳಿಯ ವೇಳೆ ಟಿ.ವಿ. ವಾಹಿನಿಗಳು ಕಮಾಂಡೊಗಳ ಚಲನವಲನವನ್ನು ನೇರವಾಗಿ ತೋರಿಸಿದವು. 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಕಟುವಾಗಿ ಟೀಕಿಸಿತು. 2015ರಲ್ಲಿ ಕೇಂದ್ರ ಸರ್ಕಾರ ಕೇಬಲ್ ಟಿ.ವಿ. ನಿಯಮಗಳನ್ನು ತಿದ್ದಿ, ಅಂಥ ಕಾರ್ಯಾಚರಣೆಯ ನೇರಪ್ರಸಾರವನ್ನು ನಿಷೇಧಿಸಿತು.

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಎರಡು ಮಸೀದಿಗಳ ಮೇಲೆ ನಡೆದ ದಾಳಿಯಲ್ಲಿ 51 ಮಂದಿ ಸತ್ತರು. ಬಿಳಿಯರೇ ಶ್ರೇಷ್ಠರೆಂದು ನಂಬಿದ್ದ ಕೊಲೆಗಾರ ತನ್ನ ಕೃತ್ಯವನ್ನು ಫೇಸ್‌ಬುಕ್‌ನಲ್ಲಿ ನೇರವಾಗಿ ತೋರಿಸಿದ. ಮೊದಲ 24 ಗಂಟೆಗಳಲ್ಲೇ ಆ ವಿಡಿಯೊದ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದ್ದಾಗಿ ಫೇಸ್‌ಬುಕ್ ತಿಳಿಸಿತು. ಅಷ್ಟನ್ನು ಹಂಚಲು ಹೊರಟವರೆಲ್ಲ ಉಗ್ರರೇ? ಬಹುಮಂದಿ ಬರಿಯ ಕುತೂಹಲಿಗಳಿರಬೇಕು. ಕೊಲೆಗಾರನಿಗೆ ಬೇಕಾದದ್ದು ಪ್ರಸಿದ್ಧಿ, ಆದ್ದರಿಂದ ಅವನ ಹೆಸರನ್ನು ತಾನು ಉಚ್ಚರಿಸುವುದಿಲ್ಲವೆಂದು ಅಂದಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಸಾರಿದರು. ವಿಚಾರಣೆಯ ವರದಿಯಲ್ಲಿ ಅವನ ಸಿದ್ಧಾಂತಕ್ಕೆ ಪ್ರಚಾರ ಕೊಡದಿರಲು ಅಲ್ಲಿನ ಪ್ರಮುಖ ಮಾಧ್ಯಮಗಳು ಒಪ್ಪಂದ ಮಾಡಿಕೊಂಡವು. ಗ್ಲಾಸ್ಗೋದ ಹುಡುಗನ ಹೆಸರು ಈ ಲೇಖನದಲ್ಲಿ ಇಲ್ಲದಿರುವುದಕ್ಕೂ, ಹನೀಫರ ಹೆಸರು ಇರುವುದಕ್ಕೂ ಇದೇ ಕಾರಣ. ಕಳಂಕ ಹೊತ್ತವರ ಹೆಸರನ್ನು ಕಳಂಕ ಕಳೆದ ಮೇಲೂ ಅಷ್ಟೇ ದೊಡ್ಡದಾಗಿ ಹೇಳಬೇಕು.

ಮನೆಯಲ್ಲಿ, ಶಾಲೆಯಲ್ಲಿ

ಪಾಲಕರೇ, ಪಟ್ಟಿ ಹಿಡಿದು ಮಗುವನ್ನು ಅಳೆಯಬೇಡಿ, ಮಾತನಾಡಿಸಿ. ಹಳೆಯ ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಬಿಟ್ಟು, ಒಂದೇ ಮೂಲದ ಮಾತನ್ನು ವೇದವಾಕ್ಯವೆಂದು ಹೇಳುತ್ತ, ಬೇರೆ ಅಭಿಪ್ರಾಯದವರನ್ನು ಮನುಷ್ಯರೆಂದೇ ಎಣಿಸದ ಭಾಷೆ ಬಂದರೆ ಅದು ಸುಳಿವು. ಸಾಕ್ಷ್ಯವಲ್ಲ ನಿಜ, ಆದರೆ ಪಕ್ಕದಲ್ಲಿ ಕುಳಿತು ಮಾತಿಗೆ ಎಳೆಯಲು ಅಷ್ಟು ಸಾಕು. ಆಗ ಬೈದು ಮೊಬೈಲ್ ಕಿತ್ತುಕೊಂಡರೆ, ಮನೆಯವರು ನಿನ್ನ ಶತ್ರುಗಳೆಂಬ ಜಾಲದವರ ಮಾತನ್ನು ನಾವೇ ನಿಜ ಮಾಡಿಕೊಟ್ಟಂತೆ. ಹಿಂಸೆಯ ಸ್ಪಷ್ಟ ಮಾತು ಕೇಳಿಬಂದರೆ ಮಾತ್ರ ಮಮತೆಯಿಂದ ಮುಚ್ಚಿಡಬೇಡಿ. ಬಲ್ಲ ಹಿರಿಯರಿಗೆ, ಅಗತ್ಯವಾದರೆ ಪೊಲೀಸರಿಗೆ ತಿಳಿಸಿ. ಲಿವರ್‌ಪೂಲ್‌ನ ತಮ್ಮ ಮೌನಕ್ಕೆ ತೆತ್ತ ಬೆಲೆ ನೆನಪಿರಲಿ.

ವಿದ್ಯಾರ್ಥಿಗಳೇ, ನಿಮಗೆ ನಾಲ್ಕು ಪ್ರಶ್ನೆಗಳನ್ನು ಕೊಡುತ್ತೇನೆ. ಸುದ್ದಿ ಓದುವಾಗಲೂ, ಯಾರಾದರೂ ನಿಮ್ಮ ರಕ್ತ ಕುದಿಸಲು ಬಂದಾಗಲೂ ಕೇಳಿಕೊಳ್ಳಿ. ಇದನ್ನು ಹೇಳಿದವರು ಯಾರು? ಅವರಿಗೆ ಇದು ಹೇಗೆ ತಿಳಿಯಿತು? ಎದುರು ಪಕ್ಷದವರು ಏನೆನ್ನುತ್ತಾರೆ? ಯಾವ ಸಾಕ್ಷ್ಯ ಸಿಕ್ಕಿದರೆ ನಾನು ನನ್ನ ಅಭಿಪ್ರಾಯವನ್ನು ಬದಲಿಸಿಕೊಳ್ಳುತ್ತೇನೆ? ಮೊದಲ ಮೂರು ಪ್ರಶ್ನೆಗಳು ಹನೀಫರಂಥವರನ್ನು ಕಾಪಾಡುತ್ತವೆ. ನಾಲ್ಕನೆಯದು ನಿಮ್ಮನ್ನೇ ಕಾಪಾಡುತ್ತದೆ. ಅದಕ್ಕೆ ‘ಯಾವುದರಿಂದಲೂ ಬದಲಿಸುವುದಿಲ್ಲ’ ಎಂಬ ಉತ್ತರ ಒಳಗಿನಿಂದ ಬಂದರೆ, ಅಲ್ಲಿಗೆ ಓದನ್ನು ನಿಲ್ಲಿಸಿ ಯಾರೊಂದಿಗಾದರೂ ಮಾತನಾಡಿ.

ಈ ವಾರ ಒಂದು ಸಣ್ಣ ಕೆಲಸ ಮಾಡಿ ನೋಡಿ. ಯಾರದೋ ಬಂಧನದ ಸುದ್ದಿಯೊಂದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿ. ಅದರಲ್ಲಿ ಪೊಲೀಸರು ಹೇಳಿದ್ದು ಎಷ್ಟು, ನ್ಯಾಯಾಲಯ ಹೇಳಿದ್ದು ಎಷ್ಟು, ವರದಿಗಾರ ಕಣ್ಣಾರೆ ಕಂಡದ್ದು ಎಷ್ಟು, ಯಾರು ಹೇಳಿದರೆಂದೇ ತಿಳಿಯದ್ದು ಎಷ್ಟು ಎಂದು ನಾಲ್ಕು ಬಣ್ಣಗಳಲ್ಲಿ ಗೆರೆ ಎಳೆಯಿರಿ. ಪುಟವನ್ನು ಹಾಗೆಯೇ ಇಟ್ಟುಕೊಂಡು, ಆರು ತಿಂಗಳ ನಂತರ ಆ ವ್ಯಕ್ತಿಗೆ ಏನಾಯಿತೆಂದು ಹುಡುಕಿ ಕೆಳಗೆ ಬರೆಯಿರಿ. ಆ ಸುದ್ದಿ ಸಿಗುವುದು ಕಷ್ಟವಾದೀತು. ಒಳಪುಟದ ಮೂಲೆಯಲ್ಲಿ ಎರಡು ಸಾಲಾಗಿ ಅಡಗಿದ್ದರೂ ಇದ್ದೀತು. ಸಿಗುವ ತನಕ ಹುಡುಕಿ.